ಗಜೇಂದ್ರಗಡದಿಂದ ಹಿರೇಕೆರೂರಿಗೆ ಎಷ್ಟು ದೂರ: 155, 197 ಅಥವಾ 236?

ಪ್ರಶ್ನೆ: ಮಗಳ ಕುಬಸಕ್ಕೆಂದು (ಸೀಮಂತಕ್ಕೆಂದು) ಗಜೇಂದ್ರಗಡದಿಂದ ಹಿರೇಕೆರೂರಿಗೆ ಕ್ರೂಸರ್ ಗಾಡಿ ಬಾಡಿಗೆ ಹಿಡಿದು ಹೋಗಿಬಂದೆವು. ಹೋಗಿಬಂದ ದೂರ ಒಟ್ಟು 490 ಕಿ.ಮೀ. ಆಯಿತೆಂದು ಗಾಡಿಯವರು ಮೀಟರು ತೋರಿಸಿ ಹಣ ಪಡೆದರು. ಆದರೆ ಹೊರಡುವ ಮೊದಲೇ ನನ್ನ ಮಗ ಅಂತರಜಾಲದಲ್ಲಿ ನೋಡಿದಾಗ ಈ ಎರಡು ಊರುಗಳ ನಡುವೆ ‘ವಿಮಾನ ದೂರ 155 ಕಿ.ಮೀ., ರಸ್ತೆ ದೂರ 197 ಕಿ.ಮೀ., ವಿಮಾನ ಪ್ರಯಾಣದ ಅವಧಿ 42 ನಿಮಿಷ’ ಎಂದು ಬರೆದಿತ್ತು. ಎರಡೂ ಊರಿನಲ್ಲಿ ವಿಮಾನ ನಿಲ್ದಾಣವೇ ಇಲ್ಲದಿರುವಾಗ ವಿಮಾನ ದೂರ ಎಲ್ಲಿಂದ ಬಂತು? 197ರ ಎರಡು ಪಟ್ಟು 394 ಆಗಬೇಕಾದಲ್ಲಿ 490 ಹೇಗಾಯಿತು? ಯಾವ ಅಂಕಿಯನ್ನು ನಂಬಬೇಕು?
— ಓದುಗರೊಬ್ಬರು, ಗಜೇಂದ್ರಗಡ

ಉತ್ತರ: ನಿಮ್ಮ ಮಗ ನೋಡಿದ ಎರಡು ದೂರಗಳೂ, ಗಾಡಿಯವರು ಹೇಳಿದ ದೂರವೂ ಬಹುಮಟ್ಟಿಗೆ ಸರಿಯಾಗಿಯೇ ಇವೆ. ಇಡೀ ಲೆಕ್ಕದಲ್ಲಿ ಯಾವ ಆಧಾರವೂ ಇಲ್ಲದ ಸಂಖ್ಯೆ ಎಂದರೆ ಆ 42 ನಿಮಿಷ ಮಾತ್ರ. ಮೂರು ಅಂಕಿಗಳು ಒಂದನ್ನೊಂದು ಸುಳ್ಳಾಗಿಸುವಂತೆ ಕಂಡರೂ ಅವು ಅಳೆದಿರುವುದು ಮೂರು ಬೇರೆ ಬೇರೆ ಸಂಗತಿಗಳನ್ನು: ಮೊದಲನೆಯದು ನಕಾಶೆಯ ಮೇಲಿನ ಎರಡು ಬಿಂದುಗಳ ಅಂತರ, ಎರಡನೆಯದು ಆ ಬಿಂದುಗಳನ್ನು ಜೋಡಿಸುವ ಅನೇಕ ದಾರಿಗಳಲ್ಲಿ ಗಣಕಯಂತ್ರ ಆರಿಸಿಕೊಂಡ ಒಂದು ದಾರಿಯ ಉದ್ದ, ಮೂರನೆಯದು ನಿಮ್ಮ ಗಾಡಿಯ ಚಕ್ರ ಅಂದು ನಿಜವಾಗಿ ಉರುಳಿದ ಉದ್ದ.

ಮೊದಲು 155ರ ಲೆಕ್ಕವನ್ನು ನೋಡೋಣ. ಗಜೇಂದ್ರಗಡ ಸುಮಾರು 15.74 ಡಿಗ್ರಿ ಉತ್ತರ ಅಕ್ಷಾಂಶ ಮತ್ತು 75.97 ಡಿಗ್ರಿ ಪೂರ್ವ ರೇಖಾಂಶದಲ್ಲಿದೆ. ಹಿರೇಕೆರೂರು ಸುಮಾರು 14.46 ಡಿಗ್ರಿ ಉತ್ತರ ಮತ್ತು 75.39 ಡಿಗ್ರಿ ಪೂರ್ವದಲ್ಲಿದೆ. ಅಂದರೆ ಅಕ್ಷಾಂಶದಲ್ಲಿ 1.28 ಡಿಗ್ರಿ, ರೇಖಾಂಶದಲ್ಲಿ 0.58 ಡಿಗ್ರಿ ವ್ಯತ್ಯಾಸವಿದೆ. ನಮ್ಮ ಭಾಗದಲ್ಲಿ ಒಂದು ಡಿಗ್ರಿ ಅಕ್ಷಾಂಶವೆಂದರೆ ನೆಲದ ಮೇಲೆ ಸುಮಾರು 110.6 ಕಿ.ಮೀ.; ರೇಖಾಂಶಗಳು ಧ್ರುವದ ಕಡೆಗೆ ಸಾಗಿದಂತೆ ಒಂದಕ್ಕೊಂದು ಹತ್ತಿರವಾಗುವುದರಿಂದ ಒಂದು ಡಿಗ್ರಿ ರೇಖಾಂಶ ಇಲ್ಲಿ ಸುಮಾರು 107.5 ಕಿ.ಮೀ. ಮಾತ್ರ. ಹಾಗಾಗಿ ಹಿರೇಕೆರೂರು ನಿಮ್ಮ ಊರಿನಿಂದ ದಕ್ಷಿಣಕ್ಕೆ ಸುಮಾರು 141.6 ಕಿ.ಮೀ., ಪಶ್ಚಿಮಕ್ಕೆ ಸುಮಾರು 62.3 ಕಿ.ಮೀ. ಸರಿದಿದೆ. ಈ ಎರಡನ್ನೂ ಲಂಬಕೋನ ತ್ರಿಭುಜದ ಎರಡು ಭುಜಗಳೆಂದು ಹಿಡಿದು ವರ್ಗಗಳನ್ನು ಕೂಡಿಸಿ ವರ್ಗಮೂಲ ತೆಗೆದರೆ 155 ಕಿ.ಮೀ.ಗೆ ಸ್ವಲ್ಪವೇ ಕಡಿಮೆಯಾದ ಕರ್ಣ ಸಿಗುತ್ತದೆ. ಹತ್ತನೆಯ ತರಗತಿಯ ಗಣಿತ ಗೊತ್ತಿರುವ ಯಾರೇ ಆಗಲಿ ಕಾಗದದ ಮೇಲೆ ಮಾಡಬಹುದಾದ ಲೆಕ್ಕವಿದು. ಇದರಲ್ಲಿ ವಿಮಾನಕ್ಕಾಗಲಿ, ವಿಮಾನ ನಿಲ್ದಾಣಕ್ಕಾಗಲಿ ಯಾವ ಪಾತ್ರವೂ ಇಲ್ಲ.

ಇಷ್ಟು ಸಣ್ಣ ಅಂತರಕ್ಕೆ ತ್ರಿಭುಜದ ಲೆಕ್ಕ ಸಾಕು. ಸಾವಿರಾರು ಕಿಲೋಮೀಟರುಗಳ ಅಂತರವಾದರೆ ಭೂಮಿಯ ದುಂಡುತನವನ್ನು ಗಣಿಸಲೇಬೇಕು, ಆಗ ಎರಡು ಬಿಂದುಗಳ ನಡುವಿನ ಅತ್ಯಂತ ಹತ್ತಿರದ ಹಾದಿ ಮಹಾವೃತ್ತದ ಒಂದು ಭಾಗವಾಗಿರುತ್ತದೆ. ಅದಕ್ಕೆ ಬಳಸುವ ‘ಹ್ಯಾವರ್‌ಸೈನ್’ ಸೂತ್ರದ ಹೆಸರು ಬಳಕೆಗೆ ಬಂದದ್ದು 1835ರಲ್ಲಿ, ಇಂಗ್ಲೆಂಡಿನ ನೌಕಾಯಾನ ಶಿಕ್ಷಕ ಜೇಮ್ಸ್ ಇನ್ಮನ್ ಮೂಲಕ. ಹಡಗಿನವರು ಕೋಷ್ಟಕ ನೋಡಿ ಲೆಕ್ಕ ಹಾಕುತ್ತಿದ್ದ ಕಾಲದ ಆ ಸೂತ್ರವೇ ಇಂದು ಇಂಥ ಹೆಚ್ಚಿನ ದೂರಮಾಪಕ ತಾಣಗಳ ಒಳಗೆ ಕೆಲಸ ಮಾಡುತ್ತಿದೆ. ಆದರೆ ಅದು ಭೂಮಿಯನ್ನು 6,371 ಕಿ.ಮೀ. ತ್ರಿಜ್ಯದ ಪರಿಪೂರ್ಣ ಗೋಳವೆಂದು ಭಾವಿಸುತ್ತದೆ. ಭೂಮಿ ನಿಜವಾಗಿ ಧ್ರುವಗಳಲ್ಲಿ ಸ್ವಲ್ಪ ಚಪ್ಪಟೆಯಾಗಿದೆ: ಜಿಪಿಎಸ್ ಬಳಸುವ ಮಾದರಿಯಲ್ಲಿ ಸಮಭಾಜಕದ ತ್ರಿಜ್ಯ 6,378.137 ಕಿ.ಮೀ., ಧ್ರುವದ ತ್ರಿಜ್ಯ 6,356.752 ಕಿ.ಮೀ. ಈ ಚಪ್ಪಟೆತನವನ್ನೂ ಸೇರಿಸಿ ಲೆಕ್ಕ ಹಾಕುವ ವಿಧಾನವನ್ನು ವಿನ್ಸೆಂಟಿ ಎಂಬ ಭೂಮಾಪನ ತಜ್ಞ 1975ರಲ್ಲಿ ಪ್ರಕಟಿಸಿದರು. ನಿಮ್ಮ ಎರಡು ಊರುಗಳಿಗೆ ಎರಡೂ ವಿಧಾನಗಳನ್ನು ಹಚ್ಚಿ ನೋಡಿದರೆ ಉತ್ತರಗಳ ನಡುವೆ ಸುಮಾರು 600 ಮೀಟರಿನ ವ್ಯತ್ಯಾಸ ಬರುತ್ತದೆ. ಬೇರೆ ಬೇರೆ ತಾಣಗಳು ಒಂದೇ ಜೋಡಿ ಊರುಗಳಿಗೆ ತುಸು ಬೇರೆ ಬೇರೆ ನೇರ ದೂರ ತೋರಿಸಿದರೆ ಅದಕ್ಕೆ ಒಂದು ಕಾರಣ ಇದು. ಅಂಥಲ್ಲಿ ದಶಮಾಂಶದ ಎರಡನೆಯ ಸ್ಥಾನದವರೆಗೆ ಅಂಕಿ ಕೊಟ್ಟಿದ್ದರೆ ಅದನ್ನು ನಿಖರತೆಯ ಗುರುತೆಂದು ಭಾವಿಸಬೇಡಿ. ಊರಿನ ಸ್ಥಾನವನ್ನೇ ಸುಮಾರು ಒಂದು ಕಿಲೋಮೀಟರಿನ ಒರಟುತನದಲ್ಲಿ ಗುರುತಿಸಿರುವಾಗ ಹತ್ತು ಮೀಟರಿನ ಮಟ್ಟದ ದೂರ ಹೇಳುವುದರಲ್ಲಿ ಅರ್ಥವಿಲ್ಲ.

ಇನ್ನು ಆ 42 ನಿಮಿಷದ ಮೂಲ. 155 ಕಿ.ಮೀ. ದೂರವನ್ನು ದೊಡ್ಡ ಜೆಟ್ ವಿಮಾನದ ವೇಗವಾದ ಗಂಟೆಗೆ 800 ಕಿ.ಮೀ.ನಿಂದ ಭಾಗಿಸಿದರೆ ಸುಮಾರು 12 ನಿಮಿಷ ಬರುತ್ತದೆ. ಏರಲು ಇಳಿಯಲು ಎಂದು ಅರ್ಧ ಗಂಟೆ ಸೇರಿಸಿದರೆ 42 ಆಗುತ್ತದೆ. ಜಗತ್ತಿನ ಯಾವ ಎರಡು ಊರುಗಳ ಹೆಸರು ಕೊಟ್ಟರೂ ಇದೇ ಭಾಗಾಕಾರ, ಇದೇ ಕೂಡಿಕೆ. ನೀವು ವಿಮಾನವನ್ನೇ ಹತ್ತಬೇಕೆಂದಿದ್ದರೆ ಮೊದಲು ರಸ್ತೆಯಲ್ಲಿ ನೂರು ಕಿ.ಮೀ.ಗಿಂತ ಹೆಚ್ಚು ಸಾಗಿ ಹುಬ್ಬಳ್ಳಿಯ ಗೋಕುಲ ರಸ್ತೆಯ ನಿಲ್ದಾಣಕ್ಕೆ ಬರಬೇಕು. ಹಿರೇಕೆರೂರಿನ ಆ ಬದಿಯಲ್ಲಿರುವ ನಿಲ್ದಾಣವೆಂದರೆ 2023ರಲ್ಲಿ ಆರಂಭವಾದ ಶಿವಮೊಗ್ಗದ್ದು, ಅಲ್ಲಿಂದ ಹಿರೇಕೆರೂರಿಗೆ ಮತ್ತೆ ಎಪ್ಪತ್ತು ಕಿ.ಮೀ.ಗೂ ಮೀರಿದ ರಸ್ತೆ ಪ್ರಯಾಣ ಉಳಿಯುತ್ತದೆ. ಹುಬ್ಬಳ್ಳಿ ತಲುಪಿದ ಮೇಲೆ ವಿಮಾನದ ಯೋಚನೆ ಬಿಟ್ಟು ಅದೇ ಗಾಡಿಯಲ್ಲಿ ಹೆದ್ದಾರಿ ಹಿಡಿದರೆ ಬೀಗರ ಮನೆಯಲ್ಲಿ ಊಟದ ಹೊತ್ತಿಗೆ ಇರಬಹುದು. ನಿಜವಾದ ವಿಮಾನಗಳೂ ನೇರ ಗೆರೆಯಲ್ಲಿ ಹಾರುವುದಿಲ್ಲ: ಗಾಳಿಯ ದಿಕ್ಕಿಗೆ ತಕ್ಕ ರನ್‌ವೇ ತುದಿಯಿಂದ ಏರಿ, ಗೊತ್ತುಪಡಿಸಿದ ವಾಯುಮಾರ್ಗ ಹಿಡಿದು, ಸೇನೆಗೆ ಮೀಸಲಾದ ಆಕಾಶವನ್ನು ಹೊಗದೆ ಸುತ್ತಿಹೋಗಿ ಇಳಿಯಬೇಕು. ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆಯು ವಿಮಾನಗಳ ಇಂಗಾಲದ ಲೆಕ್ಕ ಹಾಕುವಾಗ ಇದಕ್ಕೆಂದೇ ನೇರ ದೂರ 550 ಕಿ.ಮೀ.ಗಿಂತ ಕಡಿಮೆಯಿದ್ದರೆ 50 ಕಿ.ಮೀ., ಅದಕ್ಕಿಂತ ಹೆಚ್ಚಿದ್ದು 5,500 ಕಿ.ಮೀ. ಒಳಗಿದ್ದರೆ 100 ಕಿ.ಮೀ., ಅದನ್ನೂ ಮೀರಿದರೆ 125 ಕಿ.ಮೀ. ಕೂಡಿಸುತ್ತದೆ.

ಹಾಗೆಂದು ನೇರ ದೂರ ನಿರುಪಯೋಗಿ ಎನ್ನಲಾಗದು. ಅದರ ನಿಜವಾದ ಬೆಲೆ ತಿಳಿಯುವುದು ರಸ್ತೆಯ ದೂರದ ಪಕ್ಕದಲ್ಲಿಟ್ಟು ನೋಡಿದಾಗ. ರಸ್ತೆಯ ಉದ್ದವನ್ನು ನೇರ ದೂರದಿಂದ ಭಾಗಿಸಿದರೆ ಬರುವ ಸಂಖ್ಯೆಯನ್ನು ಸುತ್ತಿನ ಪ್ರಮಾಣ ಎಂದು ಕರೆಯೋಣ. ನಿಮ್ಮ ಪ್ರಕರಣದಲ್ಲಿ 197ನ್ನು 155ರಿಂದ ಭಾಗಿಸಿದರೆ ಸುಮಾರು 1.27. ರಸ್ತೆಗಳು ಸಾಕಷ್ಟಿರುವ ನಾಡಿನಲ್ಲಿ ಈ ಪ್ರಮಾಣ ಸಾಮಾನ್ಯವಾಗಿ 1.2ರಿಂದ 1.4ರ ನಡುವೆ ಇರುತ್ತದೆ. ಹಾಗಾಗಿ 197 ಎಂಬುದು ಅನುಮಾನಕ್ಕೆ ಎಡೆಗೊಡುವ ಅಂಕಿಯಲ್ಲ. ಯಾವುದಾದರೂ ತಾಣ ಇದೇ ಊರುಗಳಿಗೆ 160 ಎಂದೋ 400 ಎಂದೋ ತೋರಿಸಿದ್ದರೆ ಮಾತ್ರ ಕಾರಣ ಹುಡುಕಬೇಕಾಗುತ್ತಿತ್ತು.

ಈ 1.27 ಎಲ್ಲಿಂದ ಬಂತೆಂದು ನೆಲದ ಮೇಲೆ ನೋಡಿ. ಗಜೇಂದ್ರಗಡದಿಂದ ಹಿರೇಕೆರೂರಿಗೆ ನಕಾಶೆಯಲ್ಲಿ ಗೆರೆ ಎಳೆದರೆ ಅದು ಡಂಬಳದ ಆಸುಪಾಸಿನಲ್ಲಿ ಹಾದು, ಕಪ್ಪತಗುಡ್ಡದ ಸಾಲನ್ನು ಏರಿ ಇಳಿದು, ವರದಾ ನದಿಯನ್ನು ದಾಟಿ, ಬ್ಯಾಡಗಿಯ ಸಮೀಪದಿಂದ ಹಿರೇಕೆರೂರು ಮುಟ್ಟುತ್ತದೆ. ಈ ಗೆರೆಯ ಗುಂಟ ನಡೆಯುವ ಒಂದೇ ಅಖಂಡ ರಸ್ತೆ ಇಲ್ಲ. ನಮ್ಮ ಭಾಗದ ರಸ್ತೆಗಳು ಹಿಂದಿನಿಂದಲೂ ಪೇಟೆಯಿಂದ ಪೇಟೆಗೆ ಬೆಳೆದವು. ಜೋಳ, ಹತ್ತಿ, ಮೆಣಸಿನಕಾಯಿ ಹೇರಿದ ಚಕ್ಕಡಿಗಳು ಗದಗಿಗೆ, ಹುಬ್ಬಳ್ಳಿಗೆ, ಬ್ಯಾಡಗಿಗೆ ಹೋಗಬೇಕಿತ್ತೇ ಹೊರತು ಗಜೇಂದ್ರಗಡದಿಂದ ಹಿರೇಕೆರೂರಿಗೆ ಹೋಗುವ ಸಂದರ್ಭ ಕಡಿಮೆ. ಆದ್ದರಿಂದ ನೀವು ಮೊದಲು ಗೆರೆಯನ್ನು ಬಿಟ್ಟು ಪಶ್ಚಿಮಕ್ಕೆ ಸರಿದು ನರೇಗಲ್ಲಿನ ಕಡೆಯಿಂದ ಗದಗ ಸೇರುತ್ತೀರಿ, ಅದು ಸುಮಾರು 55 ಕಿ.ಮೀ. ಗುಡ್ಡದ ಸಾಲು ಎಡಕ್ಕೆ ಉಳಿಯುವಂತೆ ಅಲ್ಲಿಂದ ಲಕ್ಷ್ಮೇಶ್ವರಕ್ಕೆ ಸುಮಾರು 40, ಲಕ್ಷ್ಮೇಶ್ವರದಿಂದ ಸವಣೂರಿನ ಮೇಲೆ ಹಾವೇರಿಗೆ 54ರಷ್ಟು, ಹಾವೇರಿಯಿಂದ ಹಿರೇಕೆರೂರಿಗೆ 48ರಷ್ಟು. ಎಲ್ಲ ಕೂಡಿದರೆ ನಿಮ್ಮ ಮಗ ಕಂಡ 197ಕ್ಕೆ ಹೊಂದುತ್ತದೆ.

ಗಣಕಯಂತ್ರ ಈ ದಾರಿಯನ್ನು ಹುಡುಕುವ ಬಗೆಯನ್ನೂ ಒಂದಿಷ್ಟು ಹೇಳಬೇಕು, ಏಕೆಂದರೆ ನಿಮ್ಮ ಎರಡನೆಯ ಪ್ರಶ್ನೆಯ ಉತ್ತರ ಅಲ್ಲಿಯೇ ಇದೆ. ಅದರ ಪಾಲಿಗೆ ರಸ್ತೆಜಾಲವೆಂದರೆ ಗಂಟುಗಳೂ ಗಂಟುಗಳನ್ನು ಬೆಸೆಯುವ ತುಂಡುಗಳೂ ಸೇರಿದ ಒಂದು ಬಲೆ. ಪ್ರತಿ ಕೂಡುರಸ್ತೆ ಒಂದು ಗಂಟು, ಎರಡು ಕೂಡುರಸ್ತೆಗಳ ನಡುವಿನ ರಸ್ತೆ ಒಂದು ತುಂಡು. ಪ್ರತಿ ತುಂಡಿಗೂ ಒಂದು ಉದ್ದ ಮತ್ತು ಆ ಬಗೆಯ ರಸ್ತೆಗೆ ತಕ್ಕ ಒಂದು ವೇಗವನ್ನು ಬರೆದಿಟ್ಟಿರುತ್ತಾರೆ. ಒಂದು ಗಂಟಿನಿಂದ ಇನ್ನೊಂದಕ್ಕೆ ಹೋಗುವ ಅಸಂಖ್ಯ ದಾರಿಗಳಲ್ಲಿ ಒಟ್ಟು ವೆಚ್ಚ ಅತಿ ಕಡಿಮೆಯಾಗುವ ದಾರಿಯನ್ನು ತೆಗೆಯುವ ಕ್ರಮವನ್ನು ಡಚ್ ಗಣಕವಿಜ್ಞಾನಿ ಡೈಕ್‌ಸ್ಟ್ರಾ 1959ರಲ್ಲಿ ಪ್ರಕಟಿಸಿದರು. ಇಂದಿನ ದಾರಿ ತೋರುವ ತಂತ್ರಾಂಶಗಳಲ್ಲಿ ಬಹುಪಾಲು ಅದರ ವೇಗವರ್ಧಿತ ರೂಪಗಳನ್ನೇ ಬಳಸುತ್ತವೆ. ಇಲ್ಲಿ ವೆಚ್ಚ ಎಂದರೆ ಏನು ಎಂಬುದೇ ನಿರ್ಣಾಯಕ. ಉದ್ದವನ್ನೇ ವೆಚ್ಚವೆಂದರೆ ಅತಿ ಗಿಡ್ಡ ದಾರಿ ಸಿಗುತ್ತದೆ. ಸಮಯವನ್ನು ವೆಚ್ಚವೆಂದರೆ ಅತಿ ಬೇಗ ಮುಟ್ಟಿಸುವ ದಾರಿ ಸಿಗುತ್ತದೆ. ಎರಡೂ ಒಂದೇ ಆಗಿರಬೇಕೆಂದಿಲ್ಲ, ಮತ್ತು ನಿಮ್ಮ ಪ್ರಯಾಣದಲ್ಲಿ ಅವು ಬೇರೆಯಾಗಿವೆ ಎಂಬುದು ನನ್ನ ಅಂದಾಜು.

ಗಾಡಿಯವರು ಗದಗದಿಂದ ರಾಷ್ಟ್ರೀಯ ಹೆದ್ದಾರಿ 67ರಲ್ಲಿ ಅಣ್ಣಿಗೇರಿಯ ಮೇಲೆ ಹುಬ್ಬಳ್ಳಿಗೆ ಬಂದು, ಅಲ್ಲಿಂದ ಹೆದ್ದಾರಿ 48 ಹಿಡಿದು ಶಿಗ್ಗಾಂವಿ, ಬಂಕಾಪುರಗಳ ಮೂಲಕ ಹಾವೇರಿಗೆ ಇಳಿದಿರಬೇಕು. ಗದಗ–ಹುಬ್ಬಳ್ಳಿ ಸುಮಾರು 58, ಹುಬ್ಬಳ್ಳಿ–ಹಾವೇರಿ ಸುಮಾರು 75, ಅಂದರೆ ಗದಗ–ಹಾವೇರಿ ನಡುವೆ ಲಕ್ಷ್ಮೇಶ್ವರದ ದಾರಿಯ 94ರ ಬದಲು 133 ಕಿ.ಮೀ. ಆಯಿತು. ಒಟ್ಟು ದೂರ 236 ಕಿ.ಮೀ.ಗೆ ಏರಿತು. ಈಗ ಸಮಯ ನೋಡಿ: ಊರು, ಹಂಪು, ದನಕರು, ಸಂತೆ ಎಲ್ಲವನ್ನೂ ಹಾದು ಹೋಗುವ 94 ಕಿ.ಮೀ. ದಾರಿಯಲ್ಲಿ ಸರಾಸರಿ ಗಂಟೆಗೆ 40 ಕಿ.ಮೀ. ಹಿಡಿದರೆ ಸುಮಾರು ಎರಡು ಗಂಟೆ ಇಪ್ಪತ್ತು ನಿಮಿಷ ಬೇಕು. ಹೆದ್ದಾರಿಯ 133 ಕಿ.ಮೀ.ಗೆ ಸರಾಸರಿ 65 ಹಿಡಿದರೆ ಎರಡು ಗಂಟೆಗೆ ತುಸು ಹೆಚ್ಚು ಸಾಕು. ನಲವತ್ತು ಕಿಲೋಮೀಟರು ಹೆಚ್ಚು ಓಡಿದರೂ ಹದಿನೈದು ಇಪ್ಪತ್ತು ನಿಮಿಷ ಮೊದಲೇ ಮುಟ್ಟಬಹುದು. ಅದೇ ಕಾರಣಕ್ಕೆ ನಿಮ್ಮ ಫೋನಿನಲ್ಲಿ ದಾರಿ ಕೇಳಿದರೆ ಹೊತ್ತಿಗೆ ತಕ್ಕಂತೆ ಒಮ್ಮೆ ಲಕ್ಷ್ಮೇಶ್ವರದ ದಾರಿ, ಇನ್ನೊಮ್ಮೆ ಹುಬ್ಬಳ್ಳಿಯ ದಾರಿ ಮೊದಲು ತೋರಿದರೂ ಆಶ್ಚರ್ಯವಿಲ್ಲ. ಗಾಡಿಯಲ್ಲಿ ವಯಸ್ಸಾದವರು, ಮಕ್ಕಳು ಇದ್ದರೆ ನಾನೂ ಹೆದ್ದಾರಿಯನ್ನೇ ಹೇಳುತ್ತಿದ್ದೆ. ಆದರೆ ಬಾಡಿಗೆ ಕಿಲೋಮೀಟರಿನ ಲೆಕ್ಕದ್ದಾದಾಗ ಈ ಆಯ್ಕೆಯನ್ನು ಹೊರಡುವ ಮೊದಲು ನಿಮಗೆ ಹೇಳಬೇಕಿತ್ತು; ಇಲ್ಲಿ ಗಾಡಿಯವರದು ಮೋಸವಲ್ಲದಿದ್ದರೂ ಮಾತಿನ ಕೊರತೆ ಖಂಡಿತ.

ಸುತ್ತಿನ ಪ್ರಮಾಣಕ್ಕೆ ಮತ್ತೆ ಬರುತ್ತೇನೆ, ಏಕೆಂದರೆ ದೂರದ ಅಪರಿಚಿತ ಊರುಗಳ ಬಗ್ಗೆ ಒಂದೇ ಒಂದು ಸಂಗತಿ ತಿಳಿಯಬೇಕೆಂದರೆ ನಾನು ಕೇಳುವುದು ಇದನ್ನೇ. ಹುಬ್ಬಳ್ಳಿಯಿಂದ ಬೆಂಗಳೂರಿಗೆ ನೇರ ದೂರ ಸುಮಾರು 375 ಕಿ.ಮೀ., ರಸ್ತೆ ಸುಮಾರು 410: ಪ್ರಮಾಣ 1.1ರ ಹತ್ತಿರ. ನಡುವೆ ದೊಡ್ಡ ಘಟ್ಟವಿಲ್ಲ, ಬಯಲುಸೀಮೆಯ ಮೇಲೆ ಹೆದ್ದಾರಿ ಹೆಚ್ಚುಕಡಿಮೆ ಓರೆಯಾಗಿ ನೆಟ್ಟಗೆ ಇಳಿಯುತ್ತದೆ ಎಂದು ಆ ಸಂಖ್ಯೆಯೇ ಹೇಳುತ್ತದೆ. ಅದೇ ಎರಡು ನಗರಗಳಿಗೆ ರೈಲು ದಾರಿ 469 ಕಿ.ಮೀ., ಪ್ರಮಾಣ 1.25, ಬೀರೂರು, ಅರಸೀಕೆರೆಗಳನ್ನು ಮುಟ್ಟಿ ಹೋಗುವ ಹಳಿಗೆ ರಸ್ತೆಯಷ್ಟು ಸ್ವಾತಂತ್ರ್ಯವಿಲ್ಲ. ಹುಬ್ಬಳ್ಳಿಯಿಂದ ಕಾರವಾರಕ್ಕೆ ನೇರ ದೂರ ಸುಮಾರು 123 ಕಿ.ಮೀ. ಮಾತ್ರ, ಆದರೆ ಯಲ್ಲಾಪುರ ದಾಟಿ ಅರಬೈಲು ಘಟ್ಟ ಇಳಿದು ಅಂಕೋಲೆಯನ್ನು ಮುಟ್ಟಿ, ಅಲ್ಲಿಂದ ಕಡಲ ಬದಿಯಲ್ಲಿ ಉತ್ತರಕ್ಕೆ ತಿರುಗಿ ಬರುವ ರಸ್ತೆ 160 ಕಿ.ಮೀ.ಗೂ ಮೀರುತ್ತದೆ. ಪ್ರಮಾಣ 1.3ನ್ನು ದಾಟಿದ ಕೂಡಲೇ ನಡುವೆ ಸಹ್ಯಾದ್ರಿ ನಿಂತಿದೆ ಎಂದು ನಕಾಶೆ ನೋಡದೆಯೂ ಊಹಿಸಬಹುದು.

ಹಿಮಾಲಯದಲ್ಲಿ ಇದೇ ಪ್ರಮಾಣ ಎರಡನ್ನು ಮುಟ್ಟುತ್ತದೆ. ಮನಾಲಿಯಿಂದ ಲೇಹ್‌ಗೆ ನೇರ ದೂರ ಸುಮಾರು 216 ಕಿ.ಮೀ.; ಹೆದ್ದಾರಿಯ ಉದ್ದ ಹಿಂದೆ ಸುಮಾರು 475 ಕಿ.ಮೀ. ಇತ್ತು. 2020ರ ಅಕ್ಟೋಬರಿನಲ್ಲಿ ರೋಹ್ತಾಂಗ್ ಕಣಿವೆಮಾರ್ಗದ ಅಡಿಯಲ್ಲಿ 9.02 ಕಿ.ಮೀ. ಉದ್ದದ ಅಟಲ್ ಸುರಂಗ ತೆರೆದ ಮೇಲೆ 46 ಕಿ.ಮೀ. ಕಡಿಮೆಯಾಯಿತು. ಲೇಹ್ ತನ್ನ ಜಾಗದಿಂದ ಕದಲಲಿಲ್ಲ, ಮನಾಲಿಯೂ ಕದಲಲಿಲ್ಲ, ಆದರೂ ಎರಡು ಊರುಗಳು ಒಂದೇ ದಿನದಲ್ಲಿ ಹತ್ತಿರವಾದವು. ಇದಕ್ಕೆ ತದ್ವಿರುದ್ಧ ಆಸ್ಟ್ರೇಲಿಯದ ನಡುಭಾಗದ ಆಲಿಸ್ ಸ್ಪ್ರಿಂಗ್ಸ್ ಮತ್ತು ಉತ್ತರ ತೀರದ ಡಾರ್ವಿನ್. ನೇರ ದೂರ ಸುಮಾರು 1,290 ಕಿ.ಮೀ., ರಸ್ತೆ ಸುಮಾರು 1,500. ಎಷ್ಟೇ ದುರ್ಗಮವೆನಿಸಿದರೂ ಅದು ಸಮತಟ್ಟಾದ ಬೋಳು ನೆಲ, ರಸ್ತೆಗೆ ಬಳಸಿ ಹೋಗುವ ಕಾರಣವಿಲ್ಲ. ಊರು ದೂರದಲ್ಲಿರುವುದು ಬೇರೆ, ತಲುಪಲು ಕಷ್ಟವಾಗುವುದು ಬೇರೆ ಎಂಬುದನ್ನು ಈ ಎರಡು ಜೋಡಿಗಳು ಸ್ಪಷ್ಟಪಡಿಸುತ್ತವೆ. ರಸ್ತೆಯೇ ಇಲ್ಲದ ಜೋಡಿಗಳೂ ಉಂಟು. ಪನಾಮಾದ ಯವೀಸಾ ಪಟ್ಟಣಕ್ಕೂ ಕೊಲಂಬಿಯದ ಟುರ್ಬೊ ಪಟ್ಟಣಕ್ಕೂ ನಡುವೆ ದಾರಿಯೆನ್ ಕಾಡು ಇರುವುದರಿಂದ, ಉತ್ತರ ಮತ್ತು ದಕ್ಷಿಣ ಅಮೆರಿಕ ಖಂಡಗಳು ನೆಲದಲ್ಲಿ ಕೂಡಿಕೊಂಡಿದ್ದರೂ, ಕಾರಿನಲ್ಲಿ ಹೋಗುವ ದೂರ ಎಂಬ ಅಂಕಿಯೇ ಅಲ್ಲಿ ಹುಟ್ಟುವುದಿಲ್ಲ.

ಅಷ್ಟು ದೂರ ಹೋಗುವುದು ಬೇಡ ಎನ್ನುವವರಿಗೆ ಹಿರೇಕೆರೂರಿನಿಂದ ನೈಋತ್ಯಕ್ಕೆ ಸಾಗರ ಪಟ್ಟಣದ ಕಡೆ ಇಳಿದರೆ ಸಿಗುವ ಶರಾವತಿ ಹಿನ್ನೀರಿನ ಉದಾಹರಣೆ ಇದೆ. ಲಿಂಗನಮಕ್ಕಿ ಅಣೆಕಟ್ಟಿನ ನೀರು ನಿಂತ ಮೇಲೆ ಅಂಬಾರಗೋಡ್ಲು ಮತ್ತು ಕಳಸವಳ್ಳಿ ದಡಗಳು ಕಣ್ಣೆದುರೇ ಇದ್ದರೂ ವಾಹನಕ್ಕೆ ಲಾಂಚ್ ಕಾಯಬೇಕಿತ್ತು. ಲಾಂಚ್ ಇಲ್ಲದ ಹೊತ್ತಿನಲ್ಲಿ ಹತ್ತಾರು ಕಿಲೋಮೀಟರು ಸುತ್ತಬೇಕಿತ್ತು. 2025ರ ಜುಲೈಯಲ್ಲಿ ಎರಡು ಕಿ.ಮೀ.ಗೂ ಉದ್ದದ ಕೇಬಲ್ ಆಧಾರಿತ ಸೇತುವೆ ಸಂಚಾರಕ್ಕೆ ತೆರೆದ ದಿನ ಆಚೆ ದಡದ ತುಮರಿ ಭಾಗದ ರಸ್ತೆ ದೂರಗಳೆಲ್ಲ ಬದಲಾದವು. ನಕಾಶೆಯ ಮಾಹಿತಿಯಲ್ಲಿ ಸೇತುವೆಯ ತುಂಡನ್ನು ಸೇರಿಸುವವರೆಗೆ ಮಾತ್ರ ಗಣಕಯಂತ್ರ ಹಳೆಯ ಸುತ್ತನ್ನೇ ಹೇಳುತ್ತಿರುತ್ತದೆ. ಗದಗ ಮತ್ತು ವಿಜಯನಗರ ಜಿಲ್ಲೆಗಳ ನಡುವಿನ ತುಂಗಭದ್ರೆಯ ದಂಡೆಯ ಹಳ್ಳಿಗಳಿಗೂ ಇದೇ ನ್ಯಾಯ: ಎದುರು ದಡದ ಊರಿಗೆ ನೇರ ದೂರ ಎರಡು ಕಿ.ಮೀ. ಇದ್ದರೂ ಸೇತುವೆ ಎಲ್ಲಿದೆ ಎಂಬುದೇ ರಸ್ತೆಯ ದೂರವನ್ನು ನಿರ್ಧರಿಸುತ್ತದೆ.

ಘಟ್ಟದ ದಾರಿ ಉದ್ದವಾಗುವುದು ಏರುವುದರಿಂದ ಎಂದು ಹಲವರು ಭಾವಿಸುತ್ತಾರೆ. ನೂರು ಮೀಟರಿಗೆ ಹತ್ತು ಮೀಟರು ಏರುವ ಕಡಿದಾದ ರಸ್ತೆಯಲ್ಲಿ ಕೂಡ ಏರಿಕೆಯಿಂದ ಸೇರುವ ಉದ್ದ ನೂರು ಮೀಟರಿಗೆ ಅರ್ಧ ಮೀಟರು ಮಾತ್ರ. ಉದ್ದ ಬೆಳೆಯುವುದು ಏರಿಕೆಯನ್ನು ಹದದಲ್ಲಿಡಲು ಹಾಕುವ ತಿರುವುಗಳಿಂದ.

ಇಂಥ ತಾಣಗಳನ್ನು ನೋಡುವವರು ಅಂಕಿಗಿಂತ ಮೊದಲು ಊರು ಸರಿಯಾಗಿದೆಯೇ ಎಂದು ನೋಡಬೇಕು. ಬಹುಪಾಲು ದೊಡ್ಡ ತಪ್ಪುಗಳು ಸೂತ್ರದಲ್ಲಿರುವುದಿಲ್ಲ, ಹೆಸರಿನಲ್ಲಿರುತ್ತವೆ. ಆಲೂರು ಎಂದು ಹುಡುಕಿದರೆ ರೋಣ ತಾಲ್ಲೂಕಿನ ಹೊಳೆಆಲೂರಿನ ಬದಲು ಹಾಸನ ಜಿಲ್ಲೆಯ ಆಲೂರು ಬರಬಹುದು. ರೋಣವನ್ನು ಇಂಗ್ಲಿಷಿನ ಮೂರಕ್ಷರಗಳಲ್ಲಿ ಬರೆದರೆ ಬೇರೆ ದೇಶದ ಊರೇ ಬಂದು ಕುಳಿತುಕೊಳ್ಳಬಹುದು. ಗದಗ ಮತ್ತು ಹಾವೇರಿ 1997ರಲ್ಲಿ ಧಾರವಾಡದಿಂದ ಬೇರ್ಪಟ್ಟು ಜಿಲ್ಲೆಗಳಾದವು, ಹುಬ್ಬಳ್ಳಿಯ ಇಂಗ್ಲಿಷ್ ಕಾಗುಣಿತ 2014ರ ನವೆಂಬರ್ 1ರಂದು ಬದಲಾಯಿತು, ಗಜೇಂದ್ರಗಡ ತಾಲ್ಲೂಕು ಕೇಂದ್ರವಾದದ್ದು ಅದಕ್ಕೂ ಈಚೆಗೆ. ಹಳೆಯ ಪಟ್ಟಿಯಿಂದ ಮಾಹಿತಿ ಎತ್ತಿಕೊಂಡ ತಾಣದಲ್ಲಿ ನಿಮ್ಮ ಊರು ಇನ್ನೂ ರೋಣ ತಾಲ್ಲೂಕು, ಧಾರವಾಡ ಜಿಲ್ಲೆ ಎಂದೇ ಇದ್ದರೂ ಬಿಂದು ಸರಿಯಾಗಿರುವವರೆಗೆ ದೂರಕ್ಕೆ ಬಾಧೆಯಿಲ್ಲ. ಹುಬ್ಬಳ್ಳಿ–ಧಾರವಾಡವನ್ನು ಒಂದೇ ಊರೆಂದು ಹಿಡಿದ ತಾಣಗಳ ವಿಷಯ ಬೇರೆ. 1962ರಿಂದ ಮಹಾನಗರ ಪಾಲಿಕೆ ಒಂದೇ ಆದರೂ ಎರಡು ಪೇಟೆಗಳ ನಡುವೆ ಇಪ್ಪತ್ತು ಕಿಲೋಮೀಟರು ಇದೆ. ಒಂದೇ ಬಿಂದುವನ್ನು ಇಟ್ಟರೆ ಅದು ಎರಡರಲ್ಲಿ ಒಂದು ಪೇಟೆಯವರಿಗೋ ಅಥವಾ ಇಬ್ಬರಿಗೂ ಹೊಂದದ ಅಂತರವನ್ನು ಕೊಡುತ್ತದೆ. ಧಾರವಾಡದ ಸುಭಾಸ ರಸ್ತೆಯಿಂದ ಗದಗಿಗೆ ಹೊರಟವರೂ ಹುಬ್ಬಳ್ಳಿಯ ಗದಗ ರಸ್ತೆಯಿಂದ ಹೊರಟವರೂ ಒಂದೇ ಅಂಕಿಯನ್ನು ಹೇಗೆ ಒಪ್ಪಿಯಾರು?

ಕಾನೂನಿನ ದೃಷ್ಟಿಯಲ್ಲಿ ದೂರವೆಂದರೆ ಯಾವುದು ಎಂದು ನೀವು ಕೇಳಿಲ್ಲ, ಆದರೆ ಬಾಡಿಗೆಯ ವಾದಗಳಲ್ಲಿ ಈ ಮಾತು ಬರುವುದರಿಂದ ಹೇಳುತ್ತೇನೆ. 1897ರ ಸಾಮಾನ್ಯ ಖಂಡಗಳ ಅಧಿನಿಯಮದ 11ನೆಯ ಪ್ರಕರಣದ ಪ್ರಕಾರ, ಕೇಂದ್ರದ ಕಾಯಿದೆಗಳ ಉದ್ದೇಶಕ್ಕೆ ದೂರವನ್ನು ಅಳೆಯುವಾಗ, ಬೇರೆ ಉದ್ದೇಶ ಕಂಡುಬರದಿದ್ದರೆ, ಸಮತಲದ ಮೇಲಿನ ನೇರ ಗೆರೆಯಲ್ಲಿಯೇ ಅಳೆಯಬೇಕು. ಅಂದರೆ ಯಾವುದೋ ಸ್ಥಳದಿಂದ ಇಷ್ಟು ಕಿ.ಮೀ. ಒಳಗೆ ಎಂದು ಕಾಯಿದೆ ಹೇಳಿದಾಗ ನಿಮ್ಮ 155ರ ಜಾತಿಯ ದೂರಕ್ಕೇ ಬೆಲೆ. ಪ್ರಯಾಣ ಭತ್ಯೆಯ ಮಾತು ಬಂದಾಗ ಇದೇ ಸರಕಾರ ಬೇರೆ ಅಳತೆಗೋಲು ಹಿಡಿಯುತ್ತದೆ: ಕೇಂದ್ರ ಸರಕಾರಿ ನೌಕರರಿಗೆ ಅನ್ವಯಿಸುವ ಪೂರಕ ನಿಯಮಗಳ 30ನೆಯ ನಿಯಮದಲ್ಲಿ ಅತಿ ಗಿಡ್ಡ ಮಾರ್ಗವೆಂದರೆ ಸಾಮಾನ್ಯ ಪ್ರಯಾಣ ಸಾಧನಗಳಿಂದ ಅತಿ ಬೇಗ ತಲುಪಿಸುವ ಮಾರ್ಗ ಎಂದಿದೆ. ನಿಮ್ಮ ಗಾಡಿಯವರು ಈ ನಿಯಮವನ್ನು ಓದಿರಲಾರರು, ಆದರೆ ಹುಬ್ಬಳ್ಳಿಯ ದಾರಿ ಹಿಡಿದ ಅವರ ತರ್ಕ ಇದೇ. ಖಾಸಗಿ ಬಾಡಿಗೆಗೆ ಈ ಎರಡೂ ನಿಯಮಗಳು ಅನ್ವಯಿಸುವುದಿಲ್ಲ; ಅಲ್ಲಿ ಮೊದಲು ಆಡಿದ ಮಾತೇ ನಿಯಮ.

ಕೊನೆಗೆ 490ರ ಲೆಕ್ಕ. ಹುಬ್ಬಳ್ಳಿಯ ದಾರಿಯಲ್ಲಿ ಹೋಗಿಬಂದರೆ 236ರ ಎರಡು ಪಟ್ಟು 472 ಕಿ.ಮೀ. ಗಾಡಿಯ ಮೀಟರು ರಸ್ತೆಯನ್ನು ನೇರವಾಗಿ ಅಳೆಯುವುದಿಲ್ಲ. ಚಕ್ರದ ಸುತ್ತುಗಳನ್ನು ಎಣಿಸಿ, ಹೊಸ ಟಾಯರಿನ ಸುತ್ತಳತೆಯಿಂದ ಗುಣಿಸುತ್ತದೆ. 700 ಮಿ.ಮೀ. ವ್ಯಾಸದ ಚಕ್ರದಲ್ಲಿ ಟಾಯರಿನ ಪಟ್ಟೆ ಆರು ಮಿ.ಮೀ. ಸವೆದಿದ್ದರೆ ವ್ಯಾಸ 12 ಮಿ.ಮೀ. ಕಡಿಮೆಯಾಗಿರುತ್ತದೆ, ಅದೇ ದೂರಕ್ಕೆ ಚಕ್ರ ಹೆಚ್ಚು ಸಲ ತಿರುಗುತ್ತದೆ, ಮೀಟರು ನೂರಕ್ಕೆ 1.7ರಷ್ಟು ಹೆಚ್ಚು ತೋರಿಸುತ್ತದೆ. 472ಕ್ಕೆ ಅದು ಸುಮಾರು 8 ಕಿ.ಮೀ., ಅಲ್ಲಿಗೆ 480. ಉಳಿದ ಹತ್ತು ಕಿಲೋಮೀಟರು ಗಜೇಂದ್ರಗಡದಲ್ಲಿ ಮನೆಮನೆಗೆ ಹೋಗಿ ಬಳಗವನ್ನು ಹತ್ತಿಸಿಕೊಂಡದ್ದು, ಹಿರೇಕೆರೂರಿನಲ್ಲಿ ಗಾಡಿ ನಿಲ್ಲಿಸಲು ಜಾಗ ಹುಡುಕಿದ್ದು, ಊಟಕ್ಕೋ ಡೀಸೆಲಿಗೋ ಹೆದ್ದಾರಿ ಬಿಟ್ಟು ಇಳಿದದ್ದು ಇವುಗಳಲ್ಲಿ ಹೋಗುವುದು ಸಹಜ. ಮೊಬೈಲ್ ಫೋನಿನ ಜಿಪಿಎಸ್‌ನಿಂದ ಅಳೆದು ವಾದ ಮಾಡುವವರಿದ್ದಾರೆ. ಗಾಡಿ ನಿಂತಾಗಲೂ ಫೋನು ತನ್ನ ಸ್ಥಾನವನ್ನು ಅತ್ತಿತ್ತ ತೋರಿಸುತ್ತ ಸುಳ್ಳು ಮೀಟರುಗಳನ್ನು ಸೇರಿಸುವುದುಂಟು, ಆದ್ದರಿಂದ ಅದನ್ನೂ ಪರಮ ಪ್ರಮಾಣವೆಂದು ಹಿಡಿಯಲಾಗದು.

ಹೀಗಾಗಿ ತಕರಾರು ಮಾಡುವುದಿದ್ದರೆ 490 ಮತ್ತು 394ರ ನಡುವಿನ 96 ಕಿ.ಮೀ.ಗೆ ಇಡಿಯಾಗಿ ಮಾಡಬೇಡಿ. ಅದರಲ್ಲಿ 78 ಕಿ.ಮೀ. ದಾರಿಯ ಆಯ್ಕೆಯದು, ಅದರ ಲಾಭವಾದ ಸಮಯವನ್ನು ನೀವೂ ಪಡೆದಿದ್ದೀರಿ, 8 ಕಿ.ಮೀ. ಟಾಯರಿನದು, ಉಳಿದದ್ದು ಊರೊಳಗಿನದು. ಮುಂದೆ ಬಾಣಂತನಕ್ಕೆ ಮಗಳನ್ನು ಕರೆತರುವಾಗ ಗಾಡಿ ಗೊತ್ತುಮಾಡುವ ಮುನ್ನ ಮೂರು ಸಂಗತಿಗಳನ್ನು ಕೇಳಿಕೊಳ್ಳಿ: ಗದಗದಿಂದ ಹಾವೇರಿಗೆ ಲಕ್ಷ್ಮೇಶ್ವರದ ಮೇಲೆ ಹೋಗುವುದೋ ಹುಬ್ಬಳ್ಳಿಯ ಮೇಲೆ ಹೋಗುವುದೋ, ಹೆದ್ದಾರಿಯ ಟೋಲ್ ಬಾಡಿಗೆಯಲ್ಲಿ ಸೇರಿದೆಯೋ ಬೇರೆಯೋ, ಮೀಟರಿನ ಎಣಿಕೆ ನಿಮ್ಮ ಮನೆಯಿಂದ ಶುರುವೋ ಗಾಡಿಯ ಶೆಡ್ಡಿನಿಂದ ಶುರುವೋ. ಗಾಡಿ ಗದಗಿನಿಂದ ಬರುವುದಾದರೆ ಮೂರನೆಯ ಪ್ರಶ್ನೆಯ ಉತ್ತರವೊಂದೇ ಒಟ್ಟು ಲೆಕ್ಕಕ್ಕೆ ನೂರು ಕಿಲೋಮೀಟರು ಕೂಡಿಸಬಲ್ಲದು. ಹಿಂತಿರುಗುವಾಗ ಬಸುರಿ ಹೆಣ್ಣುಮಗಳು ಜೊತೆಯಲ್ಲಿರುವುದರಿಂದ 39 ಕಿ.ಮೀ.ನ ಬಾಡಿಗೆ ಹೆಚ್ಚಾದರೂ ಹಂಪುಗಳು ಕಡಿಮೆಯಿರುವ ಹೆದ್ದಾರಿಯ ದಾರಿಯನ್ನೇ ನೀವಾಗಿ ಹೇಳಿ ಹಿಡಿಸಿ. ಹೋಗುವಾಗ ಖಾಲಿ ಗಾಡಿ ಬೇಕಿದ್ದರೆ ಲಕ್ಷ್ಮೇಶ್ವರದ ಮೇಲೆಯೇ ಹೋಗಲಿ, ಆಗ ಒಟ್ಟು ದೂರ 433 ಕಿ.ಮೀ.ಯ ಆಸುಪಾಸಿನಲ್ಲಿ ನಿಲ್ಲುತ್ತದೆ.